ಎದೆಯಲ್ಲಿ ತಂತಿ, ತಲೆಯ ಮೇಲೆ ದೇವರು

ನನ್ನ ಹೃದಯದಲ್ಲಿ ಏನಾದರೂ ಎಡವಟ್ಟಾದರೆ ಅದು ನನಗಿಂತ ಮೊದಲು ಆಸ್ಪತ್ರೆಗೆ ಗೊತ್ತಾಗುತ್ತದೆ. ಇದು ಸಮಾಧಾನದ ಸಂಗತಿಯೋ ಹೆದರಿಕೆಯ ಸಂಗತಿಯೋ ಎಂದು ನನಗೆ ಇನ್ನೂ ತೀರ್ಮಾನಿಸಲು ಆಗಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈಗ ಊರಲ್ಲಿ ಬೇಕಾದಷ್ಟು ಮಂದಿ. ನನಗೆ ಅದನ್ನು ಹಾಕಬೇಕೆಂದಾಗ ಎದುರು ಸಿಕ್ಕಿದವರೆಲ್ಲ, "ಎಂತ ಇಲ್ಲ ಭಟ್ರೆ, ಈಗ ಅದೆಲ್ಲ ಹಲ್ಲು ತೆಗೆಸಿದ ಹಾಗೆ" ಎಂದರು. ಹಾಗೆ ಹೇಳಿದವರಲ್ಲಿ ಒಬ್ಬರ ಎದೆಯಲ್ಲೂ ಅದು ಇರಲಿಲ್ಲ ಎಂಬುದು ಆಮೇಲೆ ನನ್ನ ಗಮನಕ್ಕೆ ಬಂತು. ಹಾಕಿಸಿಕೊಂಡು ಕಂಗಾಲಾಗಿ ಕೂತವರು ಯಾರಾದರೂ ಇದ್ದರೆ, ನೀವೊಬ್ಬರೇ ಅಲ್ಲ ಎಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಕರಾವಳಿಯ ಜೆಪ್ಪುವಿನ ಕಡೆಯ ಒಂದು ಸಣ್ಣ ದೇವಸ್ಥಾನದ ಅರ್ಚಕ. ದಿನದ ಪೂಜೆಯಲ್ಲದೆ ವರ್ಷಕ್ಕೆ ಕೆಲವು ಸಲ ಅಲ್ಲಿ ದರ್ಶನ ಬಲಿ ನಡೆಯುತ್ತದೆ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಅಲಂಕಾರ ಮಾಡಿದ ಬಲಿಮೂರ್ತಿಯನ್ನು ಅರ್ಚಕ ಮುಂಡಾಸು ಕಟ್ಟಿದ ತಲೆಯ ಮೇಲೆ ಇಟ್ಟುಕೊಂಡು, ಕೈ ಎತ್ತಿ ಹಿಡಿದು, ಚೆಂಡೆ ವಾದ್ಯಗಳಿಗೆ ಸರಿಯಾಗಿ ಹೆಜ್ಜೆ ಹಾಕುತ್ತಾ ಅಂಗಳಕ್ಕೆ ಸುತ್ತು ಬರುತ್ತಾನೆ. ಚೆಂಡೆ ಏರಿದ ಹಾಗೆ ಹೆಜ್ಜೆಯೂ ಏರಬೇಕು. ಮೊದಲು ನನ್ನ ಅಪ್ಪ ಹೊರುತ್ತಿದ್ದರು, ಅವರ ನಂತರ ನಾನು. ಪೂಜೆಯನ್ನು ಯಾರಾದರೂ ಮಾಡಿಯಾರು, ಆದರೆ ಬಲಿ ಹೊರುವುದು ನನ್ನ ಸ್ವಂತದ್ದು ಎಂಬ ಸಣ್ಣ ಅಹಂಕಾರ ನನಗೆ ಇತ್ತು. ಇತ್ತು ಎಂದೇ ಹೇಳಬೇಕು, ಮುಚ್ಚಿಡುವುದು ಯಾಕೆ.

ಕಾಯಿಲೆ ಶುರುವಾದದ್ದು ಯಾವ ಆರ್ಭಟವೂ ಇಲ್ಲದೆ. ಬೆಳಿಗ್ಗೆ ಗಂಧ ತೇಯುತ್ತಾ ಕುಳಿತವನು ಹಾಗೇ ಪಕ್ಕಕ್ಕೆ ವಾಲಿದೆ. ಕಣ್ಣು ಬಿಟ್ಟಾಗ ಕೈಯಲ್ಲಿ ಇನ್ನೂ ಗಂಧದ ಕೊರಡು ಇತ್ತು. ಉಪವಾಸದ ದಿನ, ಹೊಟ್ಟೆ ಖಾಲಿ, ಅದಕ್ಕೇ ಎಂದು ಎಲ್ಲರೂ ಒಪ್ಪಿದರು. ಮರುವಾರ ಹೊಟ್ಟೆ ತುಂಬಾ ಉಂಡು ಜಗಲಿಯಲ್ಲಿ ನಿಂತಿದ್ದಾಗಲೂ ಬಿದ್ದೆ. ಆಗ ನನ್ನ ಹೆಂಡತಿ ಜಯ, "ಇನ್ನು ನಿಮ್ಮ ಸ್ವಂತ ವೈದ್ಯ ಸಾಕು, ಏಳಿ" ಎಂದು ರಿಕ್ಷಾ ಕರೆಸಿದಳು.

ಆಸ್ಪತ್ರೆ ಎಂದರೆ ನನ್ನ ತಲೆಯಲ್ಲಿ ಇದ್ದದ್ದು ಒಂದು ಬೆಂಚು, ಒಂದು ಬಾಗಿಲು, ಒಳಗೆ ಒಬ್ಬರು ಡಾಕ್ಟರು. ಇಲ್ಲಿ ಬಾಗಿಲಿಗೆ ಹೋಗುವ ಮೊದಲು ಫೋನಿನಲ್ಲಿ ಕ್ಯೂಆರ್ ಕೋಡ್ ಎಂಬ ಒಂದು ಚೌಕದ ಚಿತ್ರ ತೆಗೆಯಬೇಕಿತ್ತು. ಅದು ನಮ್ಮನ್ನು ಎಲ್ಲಿಗೋ ಕರೆದುಕೊಂಡು ಹೋಗಿ ಜನ್ಮ ದಿನಾಂಕ ಕೇಳಿತು. ನನಗೆ ನಕ್ಷತ್ರ ಗೊತ್ತು, ತಿಥಿ ಗೊತ್ತು, ಅದು ಕೇಳುವ ತಾರೀಕು ಗೊತ್ತಿರಲಿಲ್ಲ. ಆಧಾರ್ ಕಾರ್ಡ್ ಹುಡುಕುವಷ್ಟರಲ್ಲಿ ಅದಕ್ಕೆ ಬೇಸರ ಬಂದು ಮೊದಲಿನಿಂದ ಶುರು ಮಾಡಲು ಹೇಳಿತು. ಗೋಡೆಯ ಟಿವಿಯಲ್ಲಿ ಟೋಕನ್ ಸಂಖ್ಯೆಗಳು ಹಾರುತ್ತಿದ್ದವು. ಒಬ್ಬಳು ಕಾಣದ ಹೆಂಗಸು ಇಂಗ್ಲಿಷಿನಲ್ಲಿ ಅವುಗಳನ್ನು ಕೂಗುತ್ತಿದ್ದಳು. ನನ್ನ ಸಂಖ್ಯೆ ಬಂದು ಹೋದದ್ದು ನನಗೆ ಗೊತ್ತೇ ಆಗಲಿಲ್ಲ. "ಹೆಸರು ಕರೆದ್ರೆ ಇವರ ಗಂಟು ಹೋಗ್ತದಾ?" ಎಂದು ಜಯ ಸಿಡುಕಿದಳು. ನನಗೆ ಆಗ ಸಿಟ್ಟು ಬರಲಿಲ್ಲ, ಮಕ್ಕಳ ಹಾಗೆ ಅಳು ಬಂತು.

ಒಳಗೆ ಇದ್ದವರು ಹುಬ್ಬಳ್ಳಿ ಕಡೆಯ ಒಬ್ಬರು ಡಾಕ್ಟರಮ್ಮ. ಪ್ರಾಯ ಹೆಚ್ಚಿಲ್ಲ, ಮಾತು ಚುರುಕು. ಎದೆಗೆ ಪಟ್ಟಿ ಅಂಟಿಸಿ ತೆಗೆದ ಇಸಿಜಿ ವರದಿ ನೋಡಿ, ಹೃದಯದ ಮೇಲಿನ ಭಾಗ ಕೊಟ್ಟ ಸುದ್ದಿ ಕೆಳಗಿನ ಭಾಗಕ್ಕೆ ಸರಿಯಾಗಿ ತಲುಪುತ್ತಿಲ್ಲ, ನಡುನಡುವೆ ಬಡಿತ ನಿಂತೇ ಹೋಗುತ್ತದೆ ಎಂದರು. ನಾನು ತಲೆಯಾಡಿಸಿದೆ. ಅರ್ಥವಾದದ್ದು "ನಿಂತೇ ಹೋಗುತ್ತದೆ" ಎಂಬುದು ಮಾತ್ರ. ಜಯ ನನ್ನ ಶಾಲಿನ ತುದಿ ಹಿಡಿದುಕೊಂಡಿದ್ದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಬೇರೆಯವರ ಎದುರು ಅವಳು ಹಾಗೆ ಹಿಡಿದದ್ದು ನಾನು ನೋಡಿರಲಿಲ್ಲ.

ಪೇಸ್‌ಮೇಕರ್ ಹಾಕುವ ದಿನ ಜನಿವಾರದ ಪ್ರಶ್ನೆ ಬಂತು. ಎದೆಯ ಮೇಲೆ ಏನೂ ಇರಬಾರದು, ತೆಗೆಯಿರಿ ಎಂದರು. ನಾನು ಮಂಚದಲ್ಲಿ ಎದ್ದು ಕುಳಿತೆ. ತೆಗೆದರೆ ಆಗದು, ತೆಗೆಯದಿದ್ದರೂ ಆಗದು. ಅಲ್ಲಿದ್ದ ಸಿಸ್ಟರ್ ನನ್ನ ಮುಖ ನೋಡಿ, "ಗಡಿಬಿಡಿ ಬೇಡ" ಎಂದು, ಅದನ್ನು ಕುತ್ತಿಗೆಯಿಂದ ಇಳಿಸಿ ನನ್ನ ಬಲಗೈಯ ಮಣಿಕಟ್ಟಿಗೆ ಸುತ್ತಿ, ಮೇಲಿನಿಂದ ಬಿಳಿ ಪ್ಲಾಸ್ಟರ್ ಹಚ್ಚಿದರು. ಮೈಯಿಂದ ಬೇರೆಯಾಗಲಿಲ್ಲವಲ್ಲ, ಅಷ್ಟು ಸಾಕಾಯಿತು. ಆ ಸಿಸ್ಟರ್ ಯಾರು, ಎಲ್ಲಿಯವರು ಎಂದು ಕೇಳಲು ಸಹ ನನಗೆ ನೆನಪಾಗಲಿಲ್ಲ.

ಪೂರ್ತಿ ಅರಿವಳಿಕೆ ಕೊಡಲಿಲ್ಲ. ಎಡಗಡೆ ಕೊರಳೆಲುಬಿನ ಕೆಳಗೆ ಮರಗಟ್ಟಿಸಿ ಕೊಯ್ದು, ಯಂತ್ರ ಕೂರಿಸಿ, ಅದರ ತಂತಿಯನ್ನು ಹೃದಯಕ್ಕೆ ಇಳಿಸಿದರು. ಮುಖಕ್ಕೆ ಹಸಿರು ಬಟ್ಟೆ. ಅದರ ಆಚೆ ಯಾರೋ ಮಧ್ಯಾಹ್ನದ ಬಂಗುಡೆ ಮೀನಿನ ಸಾರಿನ ವಿಷಯ ಮಾತಾಡುತ್ತಿದ್ದರು. ಇವರು ಇಷ್ಟು ಆರಾಮವಾಗಿ ಇದ್ದಾರೆ ಎಂದರೆ ನಾನು ಸಾಯುವುದಿಲ್ಲ ಎಂದು ಲೆಕ್ಕ ಹಾಕಿದೆ. ಬಂಗುಡೆ ನನಗೆ ಧೈರ್ಯ ಕೊಟ್ಟದ್ದು ಜೀವನದಲ್ಲಿ ಅದೇ ಮೊದಲು.

ಮನೆಗೆ ಕಳಿಸುವಾಗ ಡಾಕ್ಟರಮ್ಮ ಕೇಳಿದ ಒಂದು ಮಾತಿನಿಂದ ಮುಂದಿನದ್ದೆಲ್ಲ ಆಯಿತು.

"ಒಂದೂವರೆ ತಿಂಗಳು ಎಡಗೈ ಭುಜಕ್ಕಿಂತ ಮ್ಯಾಲೆ ಎತ್ತಬ್ಯಾಡ್ರಿ. ಒಳಗ ತಂತಿ ಕೂಡೂತನಕ ಜ್ವಾಕಿ. ನಿಮ್ಮ ಕೆಲಸದಾಗ ಭಾರ ಎತ್ತೂದು ಏನರೆ ಅದ ಏನು?"

"ಇಲ್ಲ" ಎಂದೆ.

ನಾನು ಸುಳ್ಳು ಹೇಳಲಿಲ್ಲ. ನೀರಿನ ಕೊಡಪಾನ ನೆನಪಾಯಿತು, ಅಕ್ಕಿಯ ಗೋಣಿ ನೆನಪಾಯಿತು, ಅವನ್ನೆಲ್ಲ ಬೇರೆಯವರು ನೋಡಿಕೊಳ್ಳುತ್ತಾರೆ ಎಂದುಕೊಂಡೆ. ಬಲಿಮೂರ್ತಿ ನನ್ನ ಮನಸ್ಸಿಗೆ ಬರಲೇ ಇಲ್ಲ. ನಮ್ಮಲ್ಲಿ ದೇವರು ಭಾರ ಎಂದು ಯಾರೂ ಹೇಳುವುದಿಲ್ಲ. ಅಪ್ಪ ಬಲಿ ಮುಗಿಸಿ ಬಂದು ಕತ್ತು ತಿರುಗಿಸಲಾಗದೆ ಕುಳಿತಿದ್ದಾಗಲೂ, "ಇವತ್ತು ಸೆಕೆ ಜೋರು" ಎನ್ನುತ್ತಿದ್ದರು ಅಷ್ಟೆ. ಅಮ್ಮ ಮಾತಾಡದೆ ಕತ್ತಿಗೆ ಎಣ್ಣೆ ಹಚ್ಚುತ್ತಿದ್ದಳು. ಅಂಥ ಮನೆಯಲ್ಲಿ ಬೆಳೆದವನಿಗೆ ಡಾಕ್ಟರಮ್ಮನ ಪ್ರಶ್ನೆಯೂ ಬಲಿಯೂ ಒಂದೇ ಕಡೆ ಸೇರುತ್ತವೆ ಎಂದು ಹೊಳೆಯಲು ದಾರಿಯೇ ಇರಲಿಲ್ಲ.

ಮನೆಗೆ ಬರುವಾಗ ಒಂದು ಸಣ್ಣ ಪೆಟ್ಟಿಗೆಯನ್ನೂ ಕೊಟ್ಟರು. ಮಲಗುವ ಕಡೆ ಇಟ್ಟರೆ ಸಾಕು, ಎದೆಯ ಯಂತ್ರದ ಸುದ್ದಿಯನ್ನು ಅದು ತಾನಾಗಿ ಆಸ್ಪತ್ರೆಗೆ ಕಳಿಸುತ್ತದೆ ಎಂದು ತೋರಿಸಿಕೊಟ್ಟವಳು ಟೆಕ್ನೀಶಿಯನ್ ಫರ್ಝಾನಾ, ಉಳ್ಳಾಲದ ಹುಡುಗಿ. ಜಯ ಆ ಪೆಟ್ಟಿಗೆಯ ಎದುರು ಕೆಲವು ದಿನ ಪಿಸುಮಾತಿನಲ್ಲೇ ಮಾತಾಡಿದಳು. "ಅದು ಹೃದಯ ಮಾತ್ರ ಕೇಳುದಂತೆ" ಎಂದೆ. "ಇವತ್ತು ಹೃದಯ, ನಾಳೆ ಎಂತ ಕೇಳ್ತದೋ ಯಾರಿಗೆ ಗೊತ್ತುಂಟು" ಎಂದಳು. ಮೊದಲೆಲ್ಲ ದಿನವೂ ದೂರುತ್ತಿದ್ದ ನನ್ನ ಅತ್ತಿಗೆಯ ವಿಷಯವನ್ನು ಅವಳು ಆ ಕೋಣೆಯಲ್ಲಿ ಮತ್ತೆ ಎತ್ತಿದ್ದೇ ಇಲ್ಲ.

ತಿಂಗಳೊಳಗೆ ಪ್ರತಿಷ್ಠಾ ದಿನದ ಬಲಿ ಬಂತು. ನನಗೆ ಗೊತ್ತಿದ್ದದ್ದು ಎಡಗೈ ಎತ್ತಬಾರದು ಎಂಬುದು. ಬಲಗೈಯಲ್ಲಿ ಹಿಡಿದರಾಯಿತು, ಅಪ್ಪನೂ ಕೆಲವು ಸಲ ಒಂದೇ ಕೈಯಲ್ಲಿ ಹಿಡಿಯುತ್ತಿದ್ದರು. ಮೊದಲ ಸುತ್ತುಗಳು ಹಾಗೆಯೇ ಆದವು. ಆಮೇಲೆ ಚೆಂಡೆ ಏರಿತು. ಸುತ್ತು ಮುಗಿದು ದೇವರನ್ನು ಇಳಿಸುವಾಗ ನೋಡುತ್ತೇನೆ, ನನ್ನ ಎರಡೂ ಕೈ ಮೇಲೆ ಇದ್ದವು. ಎಡಗೈ ಚೆಂಡೆಯ ಜೊತೆ ತಾನಾಗಿ ಮೇಲೆ ಹೋಗಿತ್ತು.

ಮರುದಿನದಿಂದ ಪಕ್ಕೆಲುಬಿನ ಕೆಳಗೆ ಏನೋ ಕುಪ್ಪಳಿಸತೊಡಗಿತು. ಬಿಕ್ಕಳಿಕೆ ಎಂದು ಜಯ ಸಕ್ಕರೆ ತಿನ್ನಿಸಿದಳು. ಯಾರೋ ನೆನಪು ಮಾಡುತ್ತಿದ್ದಾರೆ ಎಂದು ನೆಂಟರ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳಿದೆವು. ಯಾರ ಹೆಸರಿಗೂ ನಿಲ್ಲಲಿಲ್ಲ. ನಡುವೆ ತಲೆ ಹಗುರಾಗಿ ಗೋಡೆ ಹಿಡಿಯುತ್ತಿದ್ದೆ, ಅವಳಿಗೆ ಹೇಳುತ್ತಿರಲಿಲ್ಲ. ಅಷ್ಟರಲ್ಲಿ ಫೋನ್ ಬಂತು.

"ಭಟ್ರೆ, ಫರ್ಝಾನಾ ಮಾತಾಡುದು. ನಿಮಗೆ ತಲೆ ತಿರುಗ್ತಾ ಉಂಟಾ?"

ನಾನು ಹೆದರಿ ಪೆಟ್ಟಿಗೆಯ ಕಡೆ ನೋಡಿದೆ. ಹೆಂಡತಿಗೂ ಹೇಳದ ವಿಷಯ ಇವಳಿಗೆ ಹೇಗೆ ಗೊತ್ತಾಯಿತು? "ಸ್ವಲ್ಪ ಉಂಟು" ಎಂದೆ.

"ಈಗಲೇ ಹೊರಡಿ. ಒಬ್ಬರೇ ಬರ್ಬೇಡಿ."

ಎಕ್ಸ್‌ರೇ ತೆಗೆದ ಮೇಲೆ ಡಾಕ್ಟರಮ್ಮ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ತಂತಿ ಜಾಗ ಬಿಟ್ಟು ಸರಿದಿತ್ತು. ಯಂತ್ರ ಬಡಿಯುತ್ತಿದ್ದದ್ದು ಹೃದಯಕ್ಕಲ್ಲ, ಬೇರೆಲ್ಲಿಗೋ. ನಮ್ಮ ಬಿಕ್ಕಳಿಕೆ ಅದೇ.

"ಏನ್ ಮಾಡಿದ್ರಿ ಭಟ್ಟರ? ಏನರೆ ಎತ್ತಿದ್ರೇನು?"

"ಎಂತ ಇಲ್ಲ ಡಾಕ್ಟ್ರೆ. ಮೊನ್ನೆ ದೇವರ ಬಲಿ ಇತ್ತು, ಅಷ್ಟೆ."

"ಬಲಿ ಅಂದ್ರ?"

ಜಯ ತನ್ನ ಫೋನಿನಲ್ಲಿದ್ದ ವಿಡಿಯೋ ತೋರಿಸಿದಳು. ಡಾಕ್ಟರಮ್ಮ ಅದನ್ನು ಕೊನೆಯ ತನಕ ನೋಡಿದರು. ಮತ್ತೊಮ್ಮೆ ನೋಡಿದರು.

"ಇದು ಭಾರ ಅಲ್ಲೇನ್ರಿ? ಭಾರ ಎತ್ತೂದಿಲ್ಲ ಅಂತ ನನ್ನ ಮುಂದ ಹೇಳಿದ್ರಲ್ಲ?"

"ಅದು ಭಾರ ಅಲ್ಲ ಡಾಕ್ಟ್ರೆ. ದೇವರು."

"ಆತು. ಎಷ್ಟ ಕಿಲೋ ಇರ್ತದ?"

ನಾನು ಜಯಳ ಮುಖ ನೋಡಿದೆ. ಅವಳು ನನ್ನದನ್ನು ನೋಡಿದಳು. "ಅದಕ್ಕೆ ಕಿಲೋ ಎಲ್ಲ ಇಲ್ಲ" ಎಂದಳು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಬೈಯುತ್ತಾರೆ ಎಂದುಕೊಂಡೆ. ಅವರು, "ನಾ ಕೇಳೂ ರೀತಿ ಸರಿ ಇರಲಿಲ್ಲ ಅನಸ್ತದ" ಎಂದರು.  ಬೈದಿದ್ದರೆ ಸುಲಭವಿತ್ತು.

ಹೊರಗೆ ಬಂದ ಮೇಲೆ ನನಗೆ ಇನ್ನೊಂದು ವಿಷಯ ಹೊಳೆಯಿತು. ಬಲಿಯ ಹೊತ್ತಿಗೇ ತಂತಿ ಸರಿದಿತ್ತು ಎಂದಾದರೆ, ಕೊನೆಯ ಸುತ್ತಿನಲ್ಲಿ ದೇವರು ತಲೆಯ ಮೇಲಿರುವಾಗಲೇ ನನಗೆ ಕಣ್ಣು ಕತ್ತಲೆ ಬರಬಹುದಿತ್ತು. ನಾನು ಬೀಳುವುದು ಬೇರೆ, ದೇವರು ಬೀಳುವುದು ಬೇರೆ. ನಾನು ಬಿದ್ದರೆ ಆಸ್ಪತ್ರೆ ಉಂಟು. ದೇವರು ಅಂಗಳದಲ್ಲಿ ಬಿದ್ದರೆ ಅದಕ್ಕೆ ಪ್ರಾಯಶ್ಚಿತ್ತ ಮಾಡಿಸಬಹುದು, ಆದರೆ ನೋಡಿದವರ ಕಣ್ಣಿನಿಂದ ಅದನ್ನು ಯಾರು ತೆಗೆಯುತ್ತಾರೆ? ಸಾಯುವ ಹೆದರಿಕೆ ನನಗೆ ಇರಲಿಲ್ಲ ಎಂದಲ್ಲ. ಇದು ಅದಕ್ಕಿಂತ ದೊಡ್ಡದಾಗಿತ್ತು.

ತಂತಿಯನ್ನು ಮತ್ತೆ ಸರಿ ಮಾಡಿದರು. ಈ ಸಲ ನಾನು ಎಡಗೈಯನ್ನು ಶಾಲಿನಲ್ಲಿ ಕಟ್ಟಿಕೊಂಡೇ ದಿನ ಕಳೆದೆ. ಪೂಜೆಯನ್ನು ಚಿಕ್ಕಪ್ಪನ ಮಗ ಸುಬ್ರಹ್ಮಣ್ಯ ನೋಡಿಕೊಂಡ. ಊರವರು ಬಂದು ಏನೇನೋ ಹೇಳಿದರು. ಮೈಯೊಳಗೆ ಯಂತ್ರ ಇರುವವನು ಗರ್ಭಗುಡಿ ಹೊಗಬಹುದೋ ಎಂದು ಯಾರೋ ದೇವಸ್ಥಾನದ ಆಡಳಿತ ನೋಡುವ ಮೊಕ್ತೇಸರರಾದ ಶೆಟ್ಟರ ಕಿವಿಗೆ ಹಾಕಿದ್ದರು. ಶೆಟ್ಟರು ಒಳ್ಳೆಯವರು, ನನ್ನ ಮುಖ ನೋಡಿ ಕೇಳಲಾರದೆ, ಪೂಜಾವಿಧಿಯಲ್ಲಿ ಕೊನೆಯ ಮಾತು ಹೇಳುವ ತಂತ್ರಿಗಳಿಗೆ ಫೋನ್ ಮಾಡಿದರು. "ಹಲ್ಲಿಗೆ ಬೆಳ್ಳಿ ತುಂಬಿಸಿದವರು ಪೂಜೆ ಮಾಡುದಿಲ್ವಾ ಶೆಟ್ರೆ? ನನ್ನ ಮೊಣಕಾಲಲ್ಲೇ ಸ್ಟೀಲ್ ಉಂಟು" ಎಂದರಂತೆ ತಂತ್ರಿಗಳು. ಅಲ್ಲಿಗೆ ಆ ಬಾಗಿಲು ತೆರೆಯಿತು.

ಇನ್ನು ಉಳಿದದ್ದು ಬಲಿ. ದೀಪೋತ್ಸವದ ಬಲಿಗೆ ಇನ್ನೂ ಸಮಯವಿತ್ತು. ಹೊರಬಹುದೇ ಎಂದು ಕೇಳಲು ಆಸ್ಪತ್ರೆಗೆ ಹೋದೆ. ಕಾಯುವಲ್ಲಿ ಪಕ್ಕದಲ್ಲಿ ಬೆಂಗ್ರೆಯ ಒಬ್ಬರು ಕುಳಿತಿದ್ದರು, ಮೀನು ಹಿಡಿಯುವ ಬೋಟು ಇದ್ದವರು, ಅವರಿಗೂ ಇದೇ ಯಂತ್ರ. "ಬೋಟಿನ ಇಂಜಿನ್ ಕೆಟ್ರೆ ನಂಗೆ ಶಬ್ದದಲ್ಲೇ ಗೊತ್ತಾಗ್ತದೆ" ಎಂದು ಎದೆ ಮುಟ್ಟಿಕೊಂಡರು. "ಇದು ಶಬ್ದವೇ ಮಾಡುದಿಲ್ಲ ಮಾರಾಯ್ರೆ. ಹೇಗೆ ನಂಬುದು?" ನಾನು ಅಷ್ಟು ದಿನ ಹುಡುಕುತ್ತಿದ್ದ ಮಾತನ್ನು ಅವರು ಹೇಳಿಬಿಟ್ಟರು. ನನಗೆ ಅವರ ಕೈ ಹಿಡಿದುಕೊಳ್ಳಬೇಕೆನಿಸಿತು.

ಡಾಕ್ಟರಮ್ಮ ಒಂದು ವಿಚಿತ್ರ ಬೇಡಿಕೆ ಇಟ್ಟರು. ಮೈ ಅಲುಗಿದರೆ ಬಡಿತ ಹೆಚ್ಚಿಸುವ ವ್ಯವಸ್ಥೆ ಈ ಯಂತ್ರದೊಳಗೆ ಇದೆಯಂತೆ. ನಡಿಗೆಗೆ ಅದನ್ನು ಹೊಂದಿಸಿದ್ದಾರೆ, ಬಲಿಯ ಕುಣಿತಕ್ಕೆ ಅದು ಏನು ಮಾಡುತ್ತದೋ ಅವರಿಗೂ ಗೊತ್ತಿಲ್ಲ. "ಇಲ್ಲೇ ಕುಣದು ತೋರಸ್ರಿ. ನೋಡಿ ಸೆಟ್ ಮಾಡೋಣು."

ಹಾಗೆ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ, ಎದೆಗೆ ವಯರು ಅಂಟಿಸಿಕೊಂಡು, ಖಾಲಿ ತಲೆಯ ಮೇಲೆ ಎರಡೂ ಕೈ ಎತ್ತಿ ನಿಂತೆ. ಹೆಜ್ಜೆ ಬರಲಿಲ್ಲ. "ಚೆಂಡೆ ಇಲ್ಲದೆ ಆಗುದಿಲ್ಲಮ್ಮ" ಎಂದೆ. ಫರ್ಝಾನಾ ತನ್ನ ಫೋನಿನಲ್ಲಿ ಎಲ್ಲಿಂದಲೋ ಚೆಂಡೆ ಹುಡುಕಿ ಜೋರು ಮಾಡಿದಳು. ಕಾಲು ತಾನಾಗಿ ಹೊರಟಿತು. ಬಾಗಿಲುಗಳಿಂದ ತಲೆಗಳು ಇಣುಕಿದವು. ಬೆಂಗ್ರೆಯವರು ಎದ್ದು ನಿಂತು, "ಇದೆಂತ ಟೆಸ್ಟ್ ಮಾರಾಯ್ರೆ? ನಂಗೂ ಉಂಟಾ?" ಎಂದು ಕೇಳಿದರು. ಜಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ ಕಾಣಲಿಲ್ಲ. ನನ್ನ ಎದೆ ಬಡಿಯುತ್ತಿತ್ತು. ಚೆಂಡೆಗೆ ಬಡಿಯುತ್ತಿದೆಯೋ, ಯಂತ್ರ ಬಡಿಸುತ್ತಿದೆಯೋ, ನಾಚಿಕೆಗೋ, ಏನೂ ಗೊತ್ತಾಗಲಿಲ್ಲ.

ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿ, ಇನ್ನೊಮ್ಮೆ ಕುಣಿಸಿ, ಡಾಕ್ಟರಮ್ಮ ಒಪ್ಪಿದರು. "ಹೊರಬಹುದು. ಹೆಚ್ಚ ಹೊತ್ತು ಬ್ಯಾಡ. ಹಿಂದೊಬ್ಬರು ಇರಲಿ."

"ಬೀಳುದಿಲ್ಲ ಅಂತ ಗ್ಯಾರಂಟಿ ಉಂಟಾ ಡಾಕ್ಟ್ರೆ?"

ಅವರು ಲ್ಯಾಪ್‌ಟಾಪ್ ಮುಚ್ಚಿದರು. "ಗ್ಯಾರಂಟಿ ಯಾರಿಗೂ ಇಲ್ರಿ ಭಟ್ಟರ. ನನಗೂ ಇಲ್ಲ."

ಪ್ರಾಮಾಣಿಕ ಮಾತು. ಅದರಿಂದ ನನ್ನ ಗೊಂದಲ ಇನ್ನೂ ಹೆಚ್ಚಾಯಿತು. ಡಾಕ್ಟರು ಆಗಬಹುದು ಎಂದರು, ತಂತ್ರಿಗಳು ಆಗಬಹುದು ಎಂದರು, ಯಂತ್ರವೂ ಒಪ್ಪಿತು. ಬೇಡ ಎನ್ನಲು ಯಾರೂ ಉಳಿಯಲಿಲ್ಲ. ಯಾರಾದರೂ ಒಬ್ಬರು ಖಡಾಖಂಡಿತ ಬೇಡ ಎಂದಿದ್ದರೆ ಅವರನ್ನು ಬೈದುಕೊಂಡು ಆರಾಮವಾಗಿ ಇರುತ್ತಿದ್ದೆ. ದಿನವೂ ಹೊರುತ್ತೇನೆ ಎಂದು ಏಳುತ್ತಿದ್ದೆ, ಸಂಜೆಯ ಹೊತ್ತಿಗೆ ಬೇಡ ಎನ್ನುತ್ತಿದ್ದೆ. ಜಯಳನ್ನು ಕೇಳಿದರೆ, "ನಿಮಗೆ ಬಿಟ್ಟದ್ದು" ಎಂದು ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ದೀಪೋತ್ಸವದ ದಿನ ಸ್ನಾನ ಮಾಡಿ ಮಡಿ ಉಟ್ಟು ಹೋದೆ. ಮುಂಡಾಸಿನ ಬಟ್ಟೆ ಕೈಯಲ್ಲಿ ಹಿಡಿದೆ. ಮೂರ್ತಿಗೆ ಅಲಂಕಾರ ನಾನೇ ಮಾಡಿದೆ, ಹೂ ನಾನೇ ಮುಡಿಸಿದೆ. ಹೊರಡುವ ಹೊತ್ತಾದಾಗ ನನ್ನ ಕೈ ಮುಂಡಾಸನ್ನು ಸುಬ್ರಹ್ಮಣ್ಯನ ತಲೆಗೆ ಕಟ್ಟುತ್ತಿತ್ತು. ಅವನು, "ಅಣ್ಣಾ, ನೀವು?" ಎಂದ. "ನೀನು ಹೊರು" ಎಂದೆ. ಅದು ಭಕ್ತಿಯೋ ಹೆದರಿಕೆಯೋ ನನ್ನನ್ನು ಕೇಳಬೇಡಿ. ನನಗೆ ಎದೆ ಒಡೆದು ಹೋಗುವಷ್ಟು ದುಃಖವಾಯಿತು ಎಂಬುದು ಮಾತ್ರ ಗೊತ್ತು.

ಅಂಗಳದಲ್ಲಿ ಜಯಳ ಪಕ್ಕದಲ್ಲಿ ಹೋಗಿ ನಿಂತೆ. ಗಂಡಸರ ಸಾಲು ಆಚೆ ಇತ್ತು, ಅತ್ತ ಹೋಗಬೇಕೆಂದು ನನಗೆ ಹೊಳೆಯಲಿಲ್ಲ. ಚೆಂಡೆ ಶುರುವಾಯಿತು. ಬಾಲ್ಯದಲ್ಲಿ ಅಪ್ಪ ಹೊರುವಾಗ ನೋಡಿದ್ದಿರಬೇಕು, ಮರೆತುಹೋಗಿದೆ. ದೊಡ್ಡವನಾದ ಮೇಲೆ ನಾನು ಬಲಿಯನ್ನು ಹೊರಗಿನಿಂದ ನೋಡಿದ್ದು ಇದೇ ಮೊದಲು. ದೀಪಗಳ ನಡುವೆ ದೇವರು ಜನರ ತಲೆಗಳ ಮೇಲಿನಿಂದ ಕುಣಿಯುತ್ತಾ ಬರುತ್ತಿದ್ದರು. ಕೆಳಗೆ ಸುಬ್ರಹ್ಮಣ್ಯ ಇದ್ದಾನೆ ಎಂದು ನನಗೆ ಗೊತ್ತು, ಆದರೂ ಅವನು ಕಾಣುತ್ತಿರಲಿಲ್ಲ. ಹೊತ್ತವನನ್ನು ಯಾರೂ ನೋಡುವುದಿಲ್ಲ. ಇಷ್ಟು ವರ್ಷ ಎಲ್ಲರೂ ನನ್ನ ಹೆಜ್ಜೆ ನೋಡುತ್ತಿದ್ದಾರೆ ಎಂದುಕೊಂಡಿದ್ದೆನಲ್ಲ.

ಕೊನೆಯ ಸುತ್ತು ಮುಗಿದು ದೇವರು ಒಳಗೆ ಹೋದ ಮೇಲೆ ಜಯಳ ಕಡೆ ತಿರುಗಿದೆ. ಅವಳ ಕೆನ್ನೆ ಒದ್ದೆಯಾಗಿತ್ತು. ನನಗಾಗಿ ಅಳುತ್ತಿದ್ದಾಳೆ ಎಂದುಕೊಂಡು, "ಬೇಸರ ಮಾಡ್ಬೇಡ, ನಂಗೆ ಸಮಾಧಾನ ಉಂಟು" ಎಂದು ಅರ್ಧ ಸುಳ್ಳು ಹೇಳಿದೆ.

"ಬೇಸರ ಅಲ್ಲ" ಎಂದಳು. "ಇಷ್ಟು ವರ್ಷ ಬಲಿಯಲ್ಲಿ ನಾನು ನಿಮ್ಮ ಕಾಲನ್ನೇ ನೋಡ್ತಾ ಇದ್ದದ್ದು, ಎಲ್ಲಿ ಎಡವ್ತೀರೋ ಅಂತ. ಇವತ್ತು ಸರಿಯಾಗಿ ದೇವರನ್ನು ನೋಡಿದೆ."